ಕುಕ್ಕರ್‌ಗಿರುವ ಮರ್ಯಾದೆ ಕೋವಿಗಿಲ್ಲ

ಬೆಂಗಳೂರಿನ ಯಾವುದಾದರೂ ಪಾತ್ರೆ ಅಂಗಡಿಗೆ ಹೋಗಿ "ಕುಕ್ಕರ್‌ಗೆ ಒಂದು ಗ್ಯಾಸ್ಕೆಟ್ ಕೊಡಿ" ಅಂತ ಕೇಳಿ ನೋಡಿ. ಗಲ್ಲಾಪೆಟ್ಟಿಗೆ ಮುಂದೆ ಕೂತವನು ತಲೆ ಕೂಡ ಎತ್ತದೆ ಮೂರು ಪ್ರಶ್ನೆ ಹಾಕುತ್ತಾನೆ. ಯಾವ ಕಂಪನಿ? ಎಷ್ಟು ಲೀಟರು? ಮುಚ್ಚಳ ಒಳಗೆ ಕೂರೋದೋ, ಹೊರಗಿಂದ ಹಾಕೋದೋ? ಈ ಮೂರಕ್ಕೂ ಉತ್ತರ ಗೊತ್ತಿಲ್ಲದಿದ್ದರೆ "ಮನೆಗೆ ಹೋಗಿ ಹಳೇದು ತಗೊಂಡ್ ಬನ್ನಿ" ಅಂತ ವಾಪಸ್ ಕಳಿಸುತ್ತಾನೆ. ನೂರಿನ್ನೂರು ರೂಪಾಯಿಯ ರಬ್ಬರ್ ಬಳೆ ಅದು. ಆದರೂ ತಪ್ಪು ಬಳೆ ಕೊಟ್ಟು ಕಳಿಸಿದರೆ ಏನಾಗುತ್ತದೆ ಅಂತ ಅವನಿಗೆ ಗೊತ್ತು. ಅವನ ಮನೆಯಲ್ಲೂ ಕುಕ್ಕರ್ ಇದೆ.

ಈ ಅಂಗಡಿಯವನು ಮೊನ್ನೆ ಟೆಕ್ಸಾಸಿನಲ್ಲಿ ಗೆಳೆಯನೊಬ್ಬನ ಮನೆಯ ಊಟದ ಮೇಜಿನ ಮುಂದೆ ನಿಂತಾಗ ಜ್ಞಾಪಕಕ್ಕೆ ಬಂದ. ಮೇಜಿನ ಮೇಲೆ ಊಟ ಇರಲಿಲ್ಲ. ಹಳೇ ಬೆಡ್‌ಶೀಟ್ ಹಾಸಿ, ಅದರ ಮೇಲೆ ಒಂದು ರೈಫಲ್ಲಿನ ಬಿಡಿಭಾಗಗಳನ್ನು ಆಯುಧಪೂಜೆಗೆ ಜೋಡಿಸಿದ ಹಾಗೆ ಸಾಲಾಗಿ ಇಟ್ಟಿದ್ದ. ಹಾಸನದ ಕಡೆಯವನು, ನನ್ನ ಜೊತೆ ಓದಿದವನು. ಸಾಫ್ಟ್‌ವೇರಿನಲ್ಲಿದ್ದಾನೆ. ಗ್ರೀನ್ ಕಾರ್ಡ್ ಬಂದಿದೆ. ಅದು ಬರೋ ತನಕ, ಎಚ್-1ಬಿ ವೀಸಾದಲ್ಲಿರುವವರಿಗೆ ಕೆಲವು ವಿನಾಯಿತಿ ಬಿಟ್ಟರೆ ಬಂದೂಕು ಇಟ್ಟುಕೊಳ್ಳಲು ಅಲ್ಲಿನ ಕಾನೂನು ಬಿಡೋದಿಲ್ಲ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ.

"ನೀನು ಮೆಕ್ಯಾನಿಕಲ್ ಅಲ್ವೇನೋ, ಈ ನಟ್ ಯಾಕೋ ಕೂರ್ತಿಲ್ಲ, ಸ್ವಲ್ಪ ನೋಡು" ಅಂದ. ಅವನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು, "ಅಣ್ಣಾ, ಮೂರು ವಾರದಿಂದ ನಾವು ಸೋಫಾ ಮೇಲೆ ಕೂತು ಊಟ ಮಾಡ್ತಿದೀವಿ, ನೀವಾದ್ರೂ ಸ್ವಲ್ಪ ಹೇಳಿ" ಅಂದಳು.

ನಾನು ಪೀಣ್ಯದಲ್ಲಿ ಹನ್ನೊಂದು ವರ್ಷ ಇನ್‌ಸ್ಪೆಕ್ಷನ್ ಕೆಲಸ ಮಾಡಿದವನು. ಈಗ ಇಲ್ಲಿ ಎಣ್ಣೆ ಕೊಳವೆಗಳಿಗೆ ವಾಲ್ವ್ ಮಾಡುವ ಕಾರ್ಖಾನೆಯಲ್ಲಿ ಅದೇ ಕೆಲಸ. ಅಂದರೆ ನನ್ನ ಬದುಕೆಲ್ಲ ಕಳೆದದ್ದು ಒಂದೇ ಪ್ರಶ್ನೆಯ ಹಿಂದೆ: ಇದು ಅದಕ್ಕೆ ಕೂರುತ್ತದೋ ಇಲ್ಲವೋ? ಬಂದೂಕಿನ ಬಗ್ಗೆ ನನಗೆ ಮೋಹವಿಲ್ಲ, ಮನೆಯಲ್ಲಿ ಇಟ್ಟುಕೊಳ್ಳೋ ಉದ್ದೇಶವೂ ಇಲ್ಲ. ಆದರೆ ಆ ಮೇಜಿನ ಮೇಲೆ ನಾನು ಕಂಡದ್ದು ಬಂದೂಕಲ್ಲ. ಡ್ರಾಯಿಂಗೇ ಇಲ್ಲದ ಜಾಬು. ಅದಕ್ಕೇ ಈ ಸಿಟ್ಟು.

ಮೊದಲು ಆ ನಟ್ಟಿನ ಕತೆ ಕೇಳಿ. ನಳಿಗೆಯನ್ನು ರಿಸೀವರಿಗೆ ಬಿಗಿಯುವ ನಟ್ ಅದು. ಅವನು ಅರ್ಧ ಸುತ್ತು ತಿರುಗಿಸಿ, ಬಿಗಿಯಾಯ್ತು ಅಂತ ಎಣ್ಣೆ ಹಾಕಿ, ಉದ್ದನೆ ಸ್ಪ್ಯಾನರ್ ಹಿಡಿದು ನನಗಾಗಿ ಕಾಯುತ್ತಿದ್ದ. ಪುಣ್ಯಕ್ಕೆ ಕಾಯುತ್ತಿದ್ದ. ಥ್ರೆಡ್ ಗೇಜ್ ಇಟ್ಟು ನೋಡಿದೆ. ರಿಸೀವರಿನಲ್ಲಿ ಇಂಚಿಗೆ 16 ಸುತ್ತು, ನಟ್ಟಿನಲ್ಲಿ ಇಂಚಿಗೆ 18. ಎರಡರ ವ್ಯಾಸವೂ ಒಂದೇ, ಒಂದು ಇಂಚು ಮತ್ತು ಹದಿನಾರರಲ್ಲಿ ಏಳು ಭಾಗ. ಕಣ್ಣಿಗೆ ಎರಡೂ ಒಂದೇ ಥರ. ಬಲ ಹಾಕಿದ್ದರೆ ಅಲ್ಯೂಮಿನಿಯಂ ರಿಸೀವರಿನ ಥ್ರೆಡ್ ಕಿತ್ತುಕೊಂಡು ಬರುತ್ತಿತ್ತು. ನಟ್ ಬಂದ ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಏನಿತ್ತು ಗೊತ್ತಾ? ".308ಗೆ ಹೊಂದುತ್ತದೆ."

ಯಾವ .308ಗೆ ಸ್ವಾಮಿ?

ಈ ಪ್ರಶ್ನೆಗೆ ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1950ರ ದಶಕದ ನಡುವೆ ಕ್ಯಾಲಿಫೋರ್ನಿಯಾದ ಹಾಲಿವುಡ್‌ನಲ್ಲಿ, ಹೌದು, ಅದೇ ಸಿನಿಮಾದ ಊರಿನಲ್ಲಿ, ಫೇರ್‌ಚೈಲ್ಡ್ ಎಂಬ ವಿಮಾನ ಕಂಪನಿಯ ಒಂದು ಸಣ್ಣ ವಿಭಾಗವಿತ್ತು. ಹೆಸರು ಆರ್ಮಲೈಟ್. ಅಲ್ಲಿ ಯೂಜೀನ್ ಸ್ಟೋನರ್ ಎಂಬ ಇಂಜಿನಿಯರು ಅಲ್ಯೂಮಿನಿಯಂ ರಿಸೀವರಿನ ಹಗುರ ರೈಫಲ್ ಒಂದನ್ನು ಮಾಡಿದ. ಅದು ಎಆರ್-10. (ಎಆರ್ ಅಂದರೆ ಅಸಾಲ್ಟ್ ರೈಫಲ್ ಅಲ್ಲ, ಆರ್ಮಲೈಟ್. ನಮ್ಮ ಟಿವಿಯ ಆಂಕರುಗಳು ಇನ್ನಾದರೂ ತಿದ್ದಿಕೊಳ್ಳಲಿ.) 7.62 ನ್ಯಾಟೊ ತೋಟಾ ಹಾರಿಸುವ ಭಾರೀ ರೈಫಲ್ಲು. ಅಮೆರಿಕದ ಸೇನೆ ಅದನ್ನು ಒಪ್ಪಲಿಲ್ಲ, 1957ರಲ್ಲಿ ಎಂ14 ಆರಿಸಿಕೊಂಡಿತು. ಎಆರ್-10 ಹಾಲೆಂಡಿನ ಒಂದು ಕಾರ್ಖಾನೆಯಲ್ಲಿ ಕೆಲವು ವರ್ಷ ತಯಾರಾಗಿ, ಸುಡಾನಿಗೆ, ಪೋರ್ಚುಗಲ್ಲಿಗೆ ಒಂದಷ್ಟು ಹೋಗಿ ನಿಂತುಹೋಯಿತು. ಅದರ ತಮ್ಮ, ಸಣ್ಣ ತೋಟಾದ ಎಆರ್-15, ಮಾತ್ರ ಕೋಲ್ಟ್ ಕಂಪನಿಗೆ ಮಾರಾಟವಾಗಿ ಎಂ16 ಎಂಬ ಹೆಸರಿನಲ್ಲಿ ಸೇನೆ ಸೇರಿತು.

ಇಡೀ ಗೊಂದಲದ ಬೇರು ಇಲ್ಲೇ ಇದೆ. ಸರಕಾರ ಕೊಂಡುಕೊಂಡರೆ ಡ್ರಾಯಿಂಗ್ ಬರುತ್ತದೆ. ಯಾವ ರಂಧ್ರ ಎಲ್ಲಿ, ಎಷ್ಟು ಅಗಲ, ಎಷ್ಟು ಥೌ ಹೆಚ್ಚುಕಡಿಮೆ ಆಗಬಹುದು, ಎಲ್ಲ ಕಾಗದದ ಮೇಲೆ. ಹಾಗಾಗಿ ಎಂ16ನ ವಂಶದ ಸಣ್ಣ ರೈಫಲ್ಲಿಗೆ ಇವತ್ತು ಹತ್ತು ಕಂಪನಿಯ ಭಾಗ ತಂದರೂ ಬಹುಮಟ್ಟಿಗೆ ಕೂರುತ್ತವೆ. ಸೇನೆಯ ಅಳತೆ ಅನ್ನೋದು ಒಂದು ಎಲ್ಲರಿಗೂ ಗೊತ್ತಿದೆ. ದೊಡ್ಡಣ್ಣನಿಗೆ ಆ ಭಾಗ್ಯ ಬರಲಿಲ್ಲ. ಯಾರೂ ಕೊಳ್ಳಲಿಲ್ಲ, ಯಾರೂ ಅಳತೆ ಕಟ್ಟಿಕೊಡಲಿಲ್ಲ.

ಆಮೇಲೆ 1990ರ ದಶಕದಲ್ಲಿ ಮಾರುಕಟ್ಟೆ ಎದ್ದಿತು, ಪ್ರತಿಯೊಬ್ಬರೂ ತಮ್ಮ ತಮ್ಮ ದಾರಿ ಹಿಡಿದರು. ನೈಟ್ಸ್ ಆರ್ಮಮೆಂಟ್ ಕಂಪನಿ ಸ್ಟೋನರನನ್ನೇ ಕೂರಿಸಿಕೊಂಡು ಎಸ್ಆರ್-25 ಮಾಡಿತು. ಹತ್ತು ಪ್ಲಸ್ ಹದಿನೈದು, ಅದಕ್ಕೇ ಇಪ್ಪತ್ತೈದು. ಆರ್ಮಲೈಟ್ ಹೆಸರನ್ನು ಕೊಂಡ ಬೇರೊಬ್ಬರು ಎಂ14ನ ಮ್ಯಾಗಜಿನ್ ಅನ್ನೇ ತಿದ್ದಿ ಕೂರುವ ಹಾಗೆ ಹೊಸ ಎಆರ್-10 ಮಾಡಿದರು. ಆಮೇಲೆ ಮಿನ್ನೆಸೋಟಾದ ಡಿಪಿಎಂಎಸ್ ಕಂಪನಿ ಎಲ್ಆರ್-308 ಅಂತ ಇನ್ನೊಂದು ತಂದಿತು, ಅದಕ್ಕೆ ಎಸ್ಆರ್-25 ಥರದ ಮ್ಯಾಗಜಿನ್. ಆರ್ಮಲೈಟಿನ ರಿಸೀವರಿನ ಹಿಂಭಾಗದ ಕತ್ತರಿಕೆ ನೇರ, ಡಿಪಿಎಂಎಸ್‌ದು ಬಾಗಿದ್ದು. ಒಂದರ ಮೇಲ್ಭಾಗ ಇನ್ನೊಂದರ ಕೆಳಭಾಗಕ್ಕೆ ಕೂರೋದಿಲ್ಲ. ಥ್ರೆಡ್ಡಿನ ಕತೆ ಮೇಲೆ ಕೇಳಿದಿರಿ. ಇಷ್ಟು ಸಾಲದು ಅಂತ ಡಿಪಿಎಂಎಸ್ ತನ್ನದೇ ರಿಸೀವರಿನ ಮೇಲಿನ ಪಟ್ಟಿಯ ಎತ್ತರವನ್ನು ನಡುವೆ ಬದಲಿಸಿತು. ಹಳೆಯದು 'ಹೈ', ಹೊಸದು 'ಲೋ'. 2014ರಲ್ಲಿ ಇಡೀ ಬೋಲ್ಟನ್ನೇ ಸಣ್ಣದು ಮಾಡಿದ ಇನ್ನೊಂದು ತಲೆಮಾರು ತಂದಿತು. ಅದಕ್ಕೆ ಅದರ ಹಿಂದಿನ ತಲೆಮಾರಿನ ಬೋಲ್ಟೇ ಆಗೋದಿಲ್ಲ.

ಇಷ್ಟಾದರೂ ಜನ ಎಲ್ಲವನ್ನೂ ಕರೆಯೋದು ಒಂದೇ ಹೆಸರಿನಿಂದ, ಎಆರ್-10. ಆ ಹೆಸರು ಆರ್ಮಲೈಟಿನ ಟ್ರೇಡ್‌ಮಾರ್ಕ್ ಆದ್ದರಿಂದ ಬೇರೆ ಕಂಪನಿಗಳು ಡಬ್ಬಿಯ ಮೇಲೆ ಹಾಕುವ ಹಾಗಿಲ್ಲ. ಹಾಗಾಗಿ ಮಾತಿನಲ್ಲಿ ಒಂದು ಹೆಸರು, ಡಬ್ಬಿಯ ಮೇಲೆ ಇನ್ನೊಂದು, ಒಳಗಿನ ಅಳತೆ ಮೂರನೆಯದು. ನನ್ನ ಗೆಳೆಯನಂಥವನು "ಎಆರ್-10 ನಟ್" ಅಂತ ಹುಡುಕಿ, ನಾಲ್ಕು ನಕ್ಷತ್ರ ಇರೋದನ್ನು ನೋಡಿ, ಆರ್ಡರ್ ಮಾಡುತ್ತಾನೆ.

ಇನ್ನೂ ತಮಾಷೆ ಇದೆ. ಇವತ್ತು ಅರ್ಧ ಮಾರುಕಟ್ಟೆ "ಡಿಪಿಎಂಎಸ್ ಪ್ಯಾಟರ್ನ್" ಅಂತ ಕರೆದುಕೊಳ್ಳುತ್ತಲ್ಲ, ಆ ಡಿಪಿಎಂಎಸ್ ಕಂಪನಿಯನ್ನು 2007ರಲ್ಲಿ ಒಂದು ದೊಡ್ಡ ಗುಂಪು ನುಂಗಿತು, ಅದೇ ಮುಂದೆ ರೆಮಿಂಗ್ಟನ್ ಹೆಸರಿನ ಸಾಮ್ರಾಜ್ಯವಾಗಿ 2020ರಲ್ಲಿ ಎರಡನೇ ಸಲ ದಿವಾಳಿ ಎದ್ದಿತು. ಹೆಸರು ಹರಾಜಿನಲ್ಲಿ ಬೇರೆಯವರ ಪಾಲಾಯಿತು. ಅಂದರೆ ಅಳತೆಕೋಲು ಇಟ್ಟುಕೊಂಡಿದ್ದ ಮನೆಯೇ ಬಾಗಿಲು ಹಾಕಿದೆ. ಹೊರಗೆ ಎಲ್ಲರೂ "ನಮ್ಮದು ಅದೇ ಅಳತೆ" ಅಂತ ಆಣೆ ಮಾಡುತ್ತಿದ್ದಾರೆ. ಯಾವ ಕೋಲಿಟ್ಟು ಅಳೆಯೋದು?

ನಮ್ಮ ಕಾಲೇಜಿನಲ್ಲಿ ಪ್ರೊಡಕ್ಷನ್ ಇಂಜಿನಿಯರಿಂಗ್ ಮೇಷ್ಟ್ರು ಎಲಿ ವಿಟ್ನಿಯ ಕತೆಯನ್ನು ಭಕ್ತಿಯಿಂದ ಹೇಳುತ್ತಿದ್ದರು. 1798ರಲ್ಲಿ ಅಮೆರಿಕ ಸರಕಾರಕ್ಕೆ ಎರಡು ವರ್ಷದಲ್ಲಿ 10,000 ಮಸ್ಕೆಟ್ ಮಾಡಿಕೊಡುತ್ತೇನೆ ಅಂತ ಗುತ್ತಿಗೆ ಹಿಡಿದ. 1801ರಲ್ಲಿ ಆಡಮ್ಸ್ ಮತ್ತು ಜೆಫರ್‌ಸನ್ ಎದುರಿಗೆ ಬಿಡಿಭಾಗಗಳ ರಾಶಿ ಹಾಕಿ, ಯಾವುದನ್ನು ಬೇಕಾದರೂ ಎತ್ತಿಕೊಂಡು ಜೋಡಿಸಬಹುದು ಅಂತ ತೋರಿಸಿ ಬೆರಗು ಹುಟ್ಟಿಸಿದ. ಅದಲುಬದಲು ಮಾಡಬಹುದಾದ ಬಿಡಿಭಾಗ ಎಂಬ ಕಲ್ಪನೆ, ಅಂದರೆ ಪೀಣ್ಯದ ನಮ್ಮೆಲ್ಲರ ಅನ್ನ, ಅಲ್ಲಿಂದ ಬಂತು ಅಂತ ಪಾಠ. ಮೇಷ್ಟ್ರು ಹೇಳದೇ ಬಿಟ್ಟ ಭಾಗ ಆಮೇಲೆ ಓದಿ ತಿಳಿದೆ. ಇತಿಹಾಸಕಾರರು ವಿಟ್ನಿಯ ಮಸ್ಕೆಟ್‌ಗಳನ್ನು ಬಿಚ್ಚಿ ನೋಡಿದರೆ, ಭಾಗಗಳು ಒಂದರದ್ದು ಇನ್ನೊಂದಕ್ಕೆ ಆಗುತ್ತಿರಲಿಲ್ಲ. ಕೈಯಿಂದ ಅರ ಹಾಕಿ ಕೂರಿಸಿದ್ದವು. ಗುತ್ತಿಗೆ ಮುಗಿದದ್ದು 1809ಕ್ಕೆ. ನಿಜವಾಗಿ ಅದನ್ನು ಸಾಧಿಸಿದವರು ಹಾರ್ಪರ್ಸ್ ಫೆರಿ ಮತ್ತು ಸ್ಪ್ರಿಂಗ್‌ಫೀಲ್ಡಿನ ಸರಕಾರಿ ಕಾರ್ಖಾನೆಗಳ ಜನ. ಗೇಜು ಮಾಡಿ, ಆ ಗೇಜಿಗೆ ಇನ್ನೊಂದು ಗೇಜು ಮಾಡಿ, ವರ್ಷಗಟ್ಟಲೆ ತಲೆ ಚಚ್ಚಿಕೊಂಡು ಸಾಧಿಸಿದರು. ಬಂದೂಕಿನಿಂದಲೇ ಜಗತ್ತಿಗೆ ಈ ಪಾಠ ಕಲಿಸಿದ ದೇಶ, ಇವತ್ತು ಬಂದೂಕಿನಲ್ಲೇ ವಿಟ್ನಿಯ ಡೆಮೊಗೆ ವಾಪಸ್ ಹೋಗಿ ಕೂತಿದೆ.

"ಅಯ್ಯೋ, ನಟ್ ಕೂರಲಿಲ್ಲ ಅಂದ್ರೆ ವಾಪಸ್ ಕಳಿಸಿ ಬೇರೆ ತರಿಸ್ಕೋತಾನೆ ಬಿಡ್ರಿ, ಅದಕ್ಯಾಕೆ ಇಷ್ಟು ಗಲಾಟೆ" ಅನ್ನಬಹುದು. ಕೂರದೇ ಇರೋ ಭಾಗದಿಂದ ನಷ್ಟ ಆಗೋದು ದುಡ್ಡು ಮಾತ್ರ. ನನ್ನ ಭಯ ಇರೋದು ಕೂರುವ ಭಾಗದ ಮೇಲೆ. ಸರಿಯಾಗಿ ಕೂತ ಹಾಗೆ ಕಾಣುವ, ಆದರೆ ಕೂತಿಲ್ಲದ ಭಾಗ.

ಗೆಳೆಯನ ಬೋಲ್ಟ್ ಒಂದು ಕಂಪನಿಯದು, ನಳಿಗೆ ಇನ್ನೊಂದರದು. ಬೋಲ್ಟ್ ಮುಚ್ಚಿದಾಗ ಅದರ ಮುಖಕ್ಕೂ, ತೋಟಾದ ಭುಜ ಹೋಗಿ ತಾಗುವ ಜಾಗಕ್ಕೂ ನಡುವಿನ ಅಂತರವನ್ನು ಹೆಡ್‌ಸ್ಪೇಸ್ ಅನ್ನುತ್ತಾರೆ. .308 ವಿಂಚೆಸ್ಟರಿಗೆ ಗೋ ಗೇಜ್ 1.630 ಇಂಚು, ನೋ-ಗೋ 1.634. ಎರಡರ ನಡುವೆ ನಾಲ್ಕು ಥೌ. ಅಂದರೆ ಜೆರಾಕ್ಸ್ ಕಾಗದದ ಒಂದು ಹಾಳೆಯ ದಪ್ಪ. ಗೋ ಗೇಜಿನ ಮೇಲೆ ಬೋಲ್ಟ್ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು. ಅಂತರ ಜಾಸ್ತಿ ಆದರೆ ತೋಟಾದ ಹಿತ್ತಾಳೆ ಖೋಲಿಗೆ ಹಿಂದೆ ಆಸರೆ ಸಾಲದೆ, ಅದು ಹಿಗ್ಗಿ ಹರಿಯಬಹುದು. ಹರಿದರೆ ಒಳಗಿನ ಬಿಸಿ ಗಾಳಿ ಹಿಂದಕ್ಕೆ ನುಗ್ಗುತ್ತದೆ. ಹಿಂದೆ ಏನಿದೆ? ಹಾರಿಸುವವನ ಕೆನ್ನೆ. ಎಷ್ಟು ಒತ್ತಡ? ಈ ತೋಟಾಗೆ ಒಪ್ಪಿತ ಗರಿಷ್ಠ ಮಿತಿ ಚದರ ಇಂಚಿಗೆ 62,000 ಪೌಂಡ್. ನಿಮ್ಮ ಮನೆಯ ಕುಕ್ಕರ್ ಸೀಟಿ ಹೊಡೆಯೋದು ಸುಮಾರು 15 ಪೌಂಡಿಗೆ. ನಾಲ್ಕು ಸಾವಿರ ಪಟ್ಟು.

ಇದರ ಮೇಲೆ ತೋಟಾದ ಗೊಂದಲ ಬೇರೆ. .308 ವಿಂಚೆಸ್ಟರ್ 1952ರಲ್ಲಿ ಅಂಗಡಿಗೆ ಬಂತು, ಅದರ ಸೋದರ 7.62 ನ್ಯಾಟೊವನ್ನು 1954ರಲ್ಲಿ ಸೇನೆಗಳು ಒಪ್ಪಿದವು. ಹೊರಗಿಂದ ನೋಡಿದರೆ ಅವಳಿ-ಜವಳಿ. ಆದರೆ ಸೇನೆಯ ಕೋಣೆಗಳಿಗೆ ಬಿಡುವ ಅಂತರ ಜಾಸ್ತಿ, ಸೇನೆಯ ಖೋಲೂ ದಪ್ಪ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಕುವ ಹಾಗಿಲ್ಲ. ನನ್ನ ಗೆಳೆಯನ ನಳಿಗೆಯ ಮೇಲೆ ಒಂದು ಹೆಸರು ಕೊರೆದಿತ್ತು, ಬೋಲ್ಟಿನ ಡಬ್ಬಿಯ ಮೇಲೆ ಓರೆಗೆರೆ ಹಾಕಿ ಎರಡೂ ಹೆಸರಿದ್ದವು.

"ಹೆಡ್‌ಸ್ಪೇಸ್ ನೋಡಿದ್ಯಾ?" ಅಂತ ಕೇಳಿದೆ.

"ಅದೆಂಥದ್ದೋ ಅದು?" ಅಂದ.

ಅವನು ದಡ್ಡನಲ್ಲ. ಬ್ಯಾಂಕುಗಳ ದುಡ್ಡು ಓಡಾಡುವ ಪ್ರೋಗ್ರಾಮ್ ಬರೆಯುತ್ತಾನೆ. ಆದರೆ ಅವನಿಗೆ ಯಾರೂ ಇದನ್ನು ಹೇಳಲೇಬೇಕಾಗಿರಲಿಲ್ಲ. ಮಾರಿದವನ ಮೇಲೆ ಆ ಹೊಣೆಯೇ ಇಲ್ಲ.

ಈಗ ಕಾನೂನಿಗೆ ಬರೋಣ. ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆಯ ಪ್ರಕಾರ, ಈ ಮೇಜಿನ ಮೇಲಿದ್ದ ಭಾಗಗಳಲ್ಲಿ 'ಬಂದೂಕು' ಅನ್ನಿಸಿಕೊಂಡದ್ದು ಒಂದೇ ಒಂದು. ರಿಸೀವರಿನ ಕೆಳಭಾಗ. ಕುದುರೆ, ಮ್ಯಾಗಜಿನ್ ಕೂರುವ ಅಲ್ಯೂಮಿನಿಯಂ ಚೌಕಟ್ಟು. ಅದಕ್ಕೆ ನಂಬರು ಬೇಕು, ಲೈಸೆನ್ಸಿನ ಅಂಗಡಿಯಿಂದ ಕೊಳ್ಳುವವನ ಪೂರ್ವಾಪರ ನೋಡಬೇಕು. ನಳಿಗೆ? ಬೋಲ್ಟ್? ಆ 62,000 ಪೌಂಡನ್ನು ಎದೆಗೊಟ್ಟು ತಡೆಯುವ ಉಕ್ಕು? ಫೆಡರಲ್ ಕಾನೂನಿನ ಕಣ್ಣಿಗೆ ಅವು ಬಂದೂಕೇ ಅಲ್ಲ, ಮನೆಬಾಗಿಲಿಗೆ ಕೊರಿಯರ್‌ನಲ್ಲಿ ಬರುತ್ತವೆ. ಅದೇ ಕಾಯ್ದೆಯ ಕೆಳಗೆ ಮಾಡಿದ ಹಳೆಯ ನಿಯಮ, ರಿಸೀವರ್ ಅಂದರೆ ಕುದುರೆಯ ಸುತ್ತಿಗೆ, ಬೋಲ್ಟ್, ಹಾರಿಸುವ ಯಂತ್ರ ಇವೆಲ್ಲಕ್ಕೂ ಮನೆಯಾದ ಭಾಗ ಅಂತ ಬರೆದಿತ್ತು. ಈ ಜಾತಿಯ ರೈಫಲ್ಲಿನಲ್ಲಿ ಅದು ಎರಡು ತುಂಡು, ಯಾವ ಒಂದು ತುಂಡೂ ಆ ವ್ಯಾಖ್ಯೆಗೆ ಪೂರ್ತಿ ಹೊಂದೋದಿಲ್ಲ. 2016ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶರೊಬ್ಬರು ಇದೇ ಕಾರಣಕ್ಕೆ ಒಂದು ಮೊಕದ್ದಮೆಯನ್ನೇ ವಜಾ ಮಾಡಿದರು. ಅರ್ಧ ಶತಮಾನ ಸರಕಾರದ ಗೇಜೇ ಜಾಬಿಗೆ ಕೂರುತ್ತಿರಲಿಲ್ಲ ನೋಡಿ! 2022ರಲ್ಲಿ ನಿಯಮ ತಿದ್ದಿದರು. ಅದರಲ್ಲಿ ಬಂದೂಕಿನ ಕಿಟ್‌ಗಳ ವಿಚಾರ ಸುಪ್ರೀಂ ಕೋರ್ಟಿನ ತನಕ ಹೋಗಿ 2025ರ ಮಾರ್ಚಿನಲ್ಲಿ 7–2ರಲ್ಲಿ ಸರಕಾರ ಗೆದ್ದಿತು. ಒಳ್ಳೇದೇ. ಆದರೆ ಆ ಇಡೀ ಜಗಳ 'ಇದನ್ನು ಯಾರು ಕೊಳ್ಳಬಹುದು' ಎಂಬುದರ ಬಗ್ಗೆ. 'ಇದು ಸಿಡಿಯುತ್ತದೋ ಇಲ್ಲವೋ' ಅಂತ ಯಾರೂ ಕೇಳಿಲ್ಲ.

ಯಾರೂ ಕೇಳುವ ಹಾಗೂ ಇಲ್ಲ. ಅಮೆರಿಕದಲ್ಲಿ ಗ್ರಾಹಕ ವಸ್ತುಗಳ ಸುರಕ್ಷತೆಗೆ ಒಂದು ಆಯೋಗವಿದೆ. ತೊಟ್ಟಿಲಿನ ಪಕ್ಕದ ಕಟಕಟೆ ಕೆಳಗೆ ಜಾರಿ ಮಕ್ಕಳು ಸಿಕ್ಕಿಹಾಕಿಕೊಳ್ಳುತ್ತವೆ ಅಂತ, ಆ ಥರದ ತೊಟ್ಟಿಲುಗಳ ಮಾರಾಟವನ್ನೇ 2011ರಿಂದ ನಿಲ್ಲಿಸಿದ ಆಯೋಗ ಅದು. ಅದನ್ನು ಹುಟ್ಟಿಸಿದ 1972ರ ಕಾಯ್ದೆಯಲ್ಲೇ, ತೆರಿಗೆ ಕಾನೂನಿನ ಒಂದು ಕಲಮಿನ ನೆಪದಲ್ಲಿ, ಬಂದೂಕನ್ನು ಹೊರಗಿಟ್ಟುಬಿಟ್ಟರು. ಆಟಿಕೆ ಬಂದೂಕು ಆಯೋಗದ ಕೈಯಲ್ಲಿದೆ. ನಿಜವಾದದ್ದು ಇಲ್ಲ.

ಸ್ಯಾಮಿ ಎಂಬ ಸಂಸ್ಥೆ ಇದೆಯಲ್ಲ, 1926ರಿಂದ, ತೋಟಾ-ಬಂದೂಕು ತಯಾರಕರದ್ದು, ಅಂತ ತಿಳಿದವರು ಹೇಳಬಹುದು. ಇದೆ. ಒಳ್ಳೆ ಕೆಲಸ ಮಾಡಿದೆ, ನಾನು ಮೇಲೆ ಹೇಳಿದ ಗೇಜು, ಒತ್ತಡ ಎಲ್ಲ ಅವರದ್ದೇ ಅಂಕಿ. ಆದರೆ ಅದು ಸ್ವಇಚ್ಛೆಯದು, ಒಪ್ಪಿದವರಿಗೆ ಮಾತ್ರ. ಮತ್ತೆ ಅದು ಕೋಣೆಯ, ತೋಟಾದ ಅಳತೆ ಹೇಳುತ್ತದೆ. ಈ ರಿಸೀವರಿನ ಬೆನ್ನು ನೇರವೋ ಬಾಗಿದೆಯೋ, ಆ ಕಂಪನಿಯ ಬೋಲ್ಟು ಈ ಕಂಪನಿಯ ನಳಿಗೆಯ ಬಾಯಿಗೆ ಕೂರುತ್ತದೋ ಅಂತ ಹೇಳೋದು ಅದರ ಕೆಲಸವಲ್ಲ.

ಬೇರೆ ದೇಶದವರು ಹೀಗಿಲ್ಲ. ಪೀಣ್ಯದಲ್ಲಿ ನಮ್ಮ ಸೂಪರ್‌ವೈಸರ್ ಕೊಡಗಿನವರು. ಒಂದು ವರ್ಷ ಹುತ್ತರಿಗೆ ಮನೆಗೆ ಕರೆದಿದ್ದರು. ಕದಿರು ತೆಗೆಯುವಾಗ ಗುಂಡು ಹಾರಿಸುವ ಪದ್ಧತಿ ಅವರಲ್ಲಿ. ಮಾರನೇ ದಿನ ಬೆಳಿಗ್ಗೆ ಜೋಡುನಳಿಗೆ ಕೋವಿಯನ್ನು ಬಿಚ್ಚಿ ಒರೆಸುತ್ತಾ ಕೂತಿದ್ದರು. "ಬನ್ನಿ, ನಿಮ್ಮ ಡಿಪಾರ್ಟ್‌ಮೆಂಟಿನ ವಿಷಯ ತೋರಿಸ್ತೀನಿ" ಅಂತ ಕರೆದು, ನಳಿಗೆಯ ಅಡಿಭಾಗಕ್ಕೆ ಭೂತಕನ್ನಡಿ ಹಿಡಿದರು. ಅಕ್ಕಿಕಾಳಿನಷ್ಟು ಸಣ್ಣ ಮುದ್ರೆಗಳು. ಒಂದು ಕಿರೀಟ, ಅದರ ಕೆಳಗೆ ಎರಡು ಅಕ್ಷರ. "ಇದು ಏನ್ ಸಾರ್?" ಅಂದೆ. "ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಮುದ್ರೆ. ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ ಹಾರಿಸಿ ನೋಡಿ, ಒಡೆಯದಿದ್ದರೆ ಇದನ್ನ ಒತ್ತುತ್ತಾರೆ. ನಮ್ಮಜ್ಜ ಇದನ್ನ ನೋಡದೆ ದುಡ್ಡು ಕೊಡ್ತಿರಲಿಲ್ಲ" ಅಂದರು.

ನಮ್ಮ ಹೈಡ್ರೋ ಟೆಸ್ಟಿನ ಅಜ್ಜ ಅದು! ನಮ್ಮ ವಾಲ್ವ್ ಕಾರ್ಖಾನೆಯಲ್ಲಿ ಪ್ರತಿಯೊಂದು ವಾಲ್ವಿಗೂ ನೀರು ತುಂಬಿ, ಕೆಲಸದ ಒತ್ತಡಕ್ಕಿಂತ ಮೇಲೆ ಏರಿಸಿ, ನಿಲ್ಲಿಸಿ, ಸೋರದಿದ್ದರೆ ಮಾತ್ರ ಹೊರಗೆ ಬಿಡೋದು. ಲಂಡನ್ನಿನ ಬಂದೂಕು ತಯಾರಕರ ಸಂಘಕ್ಕೆ ಸನದು ಸಿಕ್ಕಿದ್ದು 1637ರಲ್ಲಿ. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ 1813ರದು. ಪ್ರೂಫ್ ಆಗದ ನಳಿಗೆ ಮಾರುವುದು ಬ್ರಿಟನ್ನಿನಲ್ಲಿ ಇವತ್ತಿಗೂ ಅಪರಾಧ. ಅಮೆರಿಕದಲ್ಲಿ ಅಂಥ ಕಡ್ಡಾಯವೇ ಇಲ್ಲ. ದೊಡ್ಡ ಕಂಪನಿಗಳು ತಾವಾಗಿ ಪರೀಕ್ಷೆ ಮಾಡುತ್ತವೆ, ಅದು ಅವರ ಮರ್ಯಾದೆ. ಹಾಗೆ ಮಾಡಿದರೂ ಅವರು ಪರೀಕ್ಷಿಸಿದ್ದು ತಮ್ಮ ನಳಿಗೆಗೆ ತಮ್ಮ ಬೋಲ್ಟ್ ಹಾಕಿ. ನನ್ನ ಗೆಳೆಯನ ಮೇಜಿನ ಮೇಲಿನ ಜೋಡಿಯನ್ನು ಜಗತ್ತಿನಲ್ಲಿ ಯಾರೂ ಪರೀಕ್ಷಿಸಿಲ್ಲ. ಮೊದಲ ಪರೀಕ್ಷೆ ಆಗುವುದು ಅವನ ಕೆನ್ನೆಯ ಪಕ್ಕದಲ್ಲಿ.

ನಮ್ಮ 1959ರ ಶಸ್ತ್ರ ಕಾಯ್ದೆಯನ್ನು ಬೈಯುವವರು ಬಹಳ. ಬೈಯಲು ಕಾರಣಗಳೂ ಇವೆ, ಲೈಸೆನ್ಸಿಗೆ ಅಲೆದವರನ್ನು ಕೇಳಿ. ಆದರೆ ಅದರಲ್ಲಿ ಶಸ್ತ್ರ ಅಂದರೆ ಶಸ್ತ್ರದ ಭಾಗಗಳೂ ಹೌದು, ಅದನ್ನು ಮಾಡುವ ಯಂತ್ರವೂ ಹೌದು ಅಂತ ಒಂದೇ ಉಸಿರಿನಲ್ಲಿ ಬರೆದಿದೆ. ತಯಾರಿಕೆಗೆ ಮಾತ್ರವಲ್ಲ, ಪ್ರೂಫ್ ಪರೀಕ್ಷೆಗೂ ಲೈಸೆನ್ಸ್ ಬೇಕು. ಯುರೋಪಿನವರೂ ನಳಿಗೆ, ಬೋಲ್ಟ್, ರಿಸೀವರ್ ಎಲ್ಲವನ್ನೂ 'ಅತ್ಯಗತ್ಯ ಭಾಗ' ಅಂತ ಹಿಡಿದಿದ್ದಾರೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, ಸರಿ. ಒಡೆಯುವ ನಳಿಗೆಯಿಂದ ಯಾವ ಸರಕಾರವೂ ವಿನಾಯಿತಿ ಕೊಡಲಾರದು ಅಂತ ನಮ್ಮ ಸೂಪರ್‌ವೈಸರರ ಅಜ್ಜನಿಗೆ ಗೊತ್ತಿತ್ತು.

ಈ ಮಾತು ಆಡಿದರೆ ಎರಡೂ ಕಡೆಯಿಂದ ಒದೆ. ಬಂದೂಕುಪ್ರಿಯರು "ಇದು ದೊಡ್ಡವರ ಲೆಗೋ, ನಮ್ಮ ಸ್ವಾತಂತ್ರ್ಯ, ನಿನಗ್ಯಾಕೆ" ಅಂತಾರೆ. ಲೆಗೋ ಹೆಸರು ತೆಗೆದದ್ದು ನೀವೇ ಒಳ್ಳೇದಾಯ್ತು. 1958ರಲ್ಲಿ ಮಾಡಿದ ಲೆಗೋ ಇಟ್ಟಿಗೆ ಇವತ್ತಿನದಕ್ಕೆ ಕೂರುತ್ತದೆ. ನಿಮ್ಮದು ಅದೇ ಕಂಪನಿಯ ಹಿಂದಿನ ತಲೆಮಾರಿಗೇ ಕೂರೋದಿಲ್ಲ. ಸ್ವಾತಂತ್ರ್ಯದ ಮಾತಿಗೆ ಬಂದರೆ, ಥ್ರೆಡ್ ಎಷ್ಟು ಅಂತ ಡಬ್ಬಿಯ ಮೇಲೆ ಬರೆಯಬೇಕಾಗಿ ಬಂದರೆ ಯಾವ ಸ್ವಾತಂತ್ರ್ಯ ಹೋಗುತ್ತದೆ? ಈಗ ಹೋಗುತ್ತಿರೋದು ಕೊಳ್ಳುವವನ ಸ್ವಾತಂತ್ರ್ಯ. ತಾನು ಏನು ಕೊಂಡೆ ಅಂತ ತಿಳಿಯುವ ಸ್ವಾತಂತ್ರ್ಯ.

ಬಂದೂಕೇ ಬೇಡ ಅನ್ನುವ ನನ್ನ ಗೆಳೆಯರದ್ದು ಇನ್ನೊಂದು ಥರ. "ಹಾರಿಸುವವನ ಮುಖ ಸುಟ್ಟರೆ ಸುಡಲಿ, ಎದುರಿಗಿರುವವನ ಗತಿ ಯೋಚನೆ ಮಾಡು" ಅಂತ ಒಬ್ಬಳು ಮುಖಕ್ಕೆ ಹೊಡೆದ ಹಾಗೆ ಹೇಳಿದಳು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಇಲ್ಲಿಯ ಶಾಲೆಗಳಲ್ಲಿ ನಮ್ಮ ಮಕ್ಕಳೂ ಗುಂಡಿನ ದಾಳಿಯ ಡ್ರಿಲ್ ಮಾಡಿ ಮನೆಗೆ ಬರುತ್ತವೆ. ಆದರೆ ಯಾವ ಭಾಗಕ್ಕೂ ಯಾರೂ ಹೊಣೆಯಲ್ಲ ಎಂಬ ವ್ಯವಸ್ಥೆಯೇ ಎರಡೂ ರೋಗದ ತಾಯಿ. ನಳಿಗೆ ಬಂದೂಕಲ್ಲ, ಬೋಲ್ಟ್ ಬಂದೂಕಲ್ಲ ಅಂತ ಬರೆದಿಟ್ಟ ಕಾನೂನು, ಕೊಳ್ಳುವವನನ್ನೂ ನೋಡೋದಿಲ್ಲ, ಕೊಂಡದ್ದನ್ನೂ ನೋಡೋದಿಲ್ಲ. ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಸರಿಮಾಡುತ್ತೇನೆ ಅಂದರೆ ಆಗದು.

ಕೋರ್ಟಿಗೆ ಹೋಗಬಹುದಲ್ಲ ಅಂತೀರಾ? 2005ರ ಕಾಯ್ದೆ ಬಂದೂಕು ಕಂಪನಿಗಳಿಗೆ ದೊಡ್ಡ ಕವಚ ಕೊಟ್ಟಿದೆ. ವಸ್ತುವಿನಲ್ಲೇ ದೋಷವಿದ್ದರೆ ಕೇಸು ಹಾಕಲು ಕಿಂಡಿ ಬಿಟ್ಟಿದೆ, ಅದು ನಿಜ. ಆದರೆ ಆರು ಕಂಪನಿಯ ಭಾಗ ಸೇರಿಸಿ ಊಟದ ಮೇಜಿನ ಮೇಲೆ ಜೋಡಿಸಿದ ರೈಫಲ್ಲಿನ ದೋಷ ಯಾರದ್ದು? ಬೋಲ್ಟು ಅದರ ಅಳತೆಯೊಳಗಿದೆ. ನಳಿಗೆಯೂ ಅದರ ಅಳತೆಯೊಳಗಿದೆ. ದೋಷ ಇರೋದು ಎರಡರ ನಡುವಿನ ಗಾಳಿಯಲ್ಲಿ. ಗಾಳಿಯ ಮೇಲೆ ಕೇಸು ಹಾಕ್ತೀರಾ?

ನಾನು ಕೇಳುವುದು ಅಂಥ ಘನಂದಾರಿ ಸಂಗತಿಯೇನಲ್ಲ. ಪೀಣ್ಯದಲ್ಲಿ ಹತ್ತನೇ ಕ್ಲಾಸ್ ಓದಿದ ಟರ್ನರ್ ಹುಡುಗನೂ ಪಾಲಿಸುವ ಶಿಸ್ತು. ಈ ದೊಡ್ಡ ರೈಫಲ್ಲಿಗೊಂದು ಬಹಿರಂಗ ಡ್ರಾಯಿಂಗ್ ಇರಲಿ, ಇಲ್ಲವೇ ಎರಡಿರಲಿ, ನೇರದ್ದಕ್ಕೊಂದು ಬಾಗಿದ್ದಕ್ಕೊಂದು, ಅವಕ್ಕೆ ಹೆಸರಿರಲಿ. ಡಬ್ಬಿಯ ಮೇಲೆ "ಹೊಂದುತ್ತದೆ" ಅಂತ ಬರೆದವನು ಯಾವ ಡ್ರಾಯಿಂಗಿಗೆ ಅಂತಲೂ ಬರೆಯಲಿ, ಬರೆದದ್ದಕ್ಕೆ ಸಿಕ್ಕಿಬೀಳಲಿ. ಬೋಲ್ಟನ್ನೂ ನಳಿಗೆಯನ್ನೂ ಬಿಡಿಬಿಡಿಯಾಗಿ ಮಾರುವ ಬದಲು ಅಳೆದು ನೋಡಿದ ಜೋಡಿಯಾಗಿ ಮಾರಲಿ, ಎರಡಕ್ಕೂ ಒಂದೇ ನಂಬರು, ಅಡಿಯಲ್ಲಿ ಅಕ್ಕಿಕಾಳಿನಷ್ಟು ಒಂದು ಮುದ್ರೆ. ಭಾರತದಲ್ಲಿ 2020ರ ಆದೇಶದ ಮೇಲೆ ಮನೆಯ ಕುಕ್ಕರಿಗೆ ಐಎಸ್ಐ ಗುರುತು ಕಡ್ಡಾಯ ಮಾಡಿದರಲ್ಲ, ಆಗ ಯಾರ ಸ್ವಾತಂತ್ರ್ಯವೂ ಹೋಗಲಿಲ್ಲ. ಅನ್ನ ಬೇಯುತ್ತಲೇ ಇದೆ.

ಗೆಳೆಯನನ್ನು ಬೈದು, ಕೊನೆಗೆ ಊರಾಚೆಯ ಒಬ್ಬ ಗನ್‌ಸ್ಮಿತ್ ಹತ್ತಿರ ಕರೆದುಕೊಂಡು ಹೋದೆ. ವಯಸ್ಸಾದವರು, ಮೂಗಿನ ತುದಿಗೆ ಕನ್ನಡಕ. ಮಾತಿಲ್ಲದೆ ಗೇಜ್ ಹಾಕಿದರು. ಗೋ ಮೇಲೆ ಬೋಲ್ಟ್ ಮುಚ್ಚಿತು. ನೋ-ಗೋ ಹಾಕಿದರು. ಅದರ ಮೇಲೂ ಬೆಣ್ಣೆಯ ಹಾಗೆ ಮುಚ್ಚಿತು. ಅವರು ಗೇಜನ್ನು ಹೊರತೆಗೆದು ಬಟ್ಟೆಯಲ್ಲಿ ಒರೆಸಿ ಡಬ್ಬಿಗೆ ಹಾಕಿ, "ಇದನ್ನು ಹಾರಿಸಬೇಡ" ಅಂದರು, ಅಷ್ಟೇ. ದುಡ್ಡು ಕೂಡ ತಗೊಳ್ಳಲಿಲ್ಲ.

ಬೋಲ್ಟ್ ಮಾರಿದವರಿಗೆ ಗೆಳೆಯ ಪತ್ರ ಹಾಕಿದ. ನಮ್ಮ ನಳಿಗೆಯ ಜೊತೆ ಸರಿಯಾಗಿದೆ, ನಳಿಗೆ ಮಾರಿದವರನ್ನು ಕೇಳಿ ಅಂತ ಉತ್ತರ ಬಂತು. ನಳಿಗೆಯವರಿಗೆ ಹಾಕಿದ. ನಮ್ಮ ಬೋಲ್ಟಿನ ಜೊತೆ ಸರಿಯಾಗಿದೆ, ಬೋಲ್ಟ್ ಮಾರಿದವರನ್ನು ಕೇಳಿ ಅಂತ ಬಂತು. ಎರಡೂ ಪತ್ರದ ಕೊನೆಯಲ್ಲಿ ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಅಂತ ಕೇಳಿದ್ದರು. ಭಾಗಗಳೆಲ್ಲ ಈಗ ಅವನ ಗರಾಜಿನಲ್ಲಿ ಒಂದು ರಟ್ಟಿನ ಪೆಟ್ಟಿಗೆಯಲ್ಲಿವೆ, ಆ ಒಂದು ನಂಬರಿನ ತುಂಡು ಮಾತ್ರ ಬೀಗ ಹಾಕಿದ ಕಪಾಟಿನಲ್ಲಿದೆ. ಊಟದ ಮೇಜು ಖಾಲಿಯಾಗಿದೆ. ಹೋದ ಭಾನುವಾರ ಅವನ ಹೆಂಡತಿ ಬಿಸಿಬೇಳೆಭಾತ್ ಮಾಡಿ ಕರೆದಿದ್ದಳು. ಕುಕ್ಕರಿನ ಗ್ಯಾಸ್ಕೆಟ್ ಸ್ವಲ್ಪ ಸೋರುತ್ತಿತ್ತು. ಊರಿಗೆ ಹೋದಾಗ ಹೊಸದು ತರಬೇಕು ಅಂತ, ಕಂಪನಿಯ ಹೆಸರು, ಲೀಟರು ಬರೆದ ಚೀಟಿಯನ್ನು ನನ್ನ ಕೈಗೆ ಕೊಟ್ಟಳು.